ಕೋಚ್ ಹೆಸರನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ನಮ್ಮ ದೇಶದ ಫುಟ್‌ಬಾಲ್ ಉದ್ಧಾರ ಆಗಬೇಕಾದರೆ ಯುರೋಪಿನಲ್ಲಿ ಆಡಿ ಹೆಸರು ಮಾಡಿದ ದೊಡ್ಡ ಆಟಗಾರನನ್ನೇ ಕೋಚ್ ಆಗಿ ಕರೆತರಬೇಕು ಎಂದು ಹೋದ ವಾರ ನಿಮ್ಮ ಕ್ರೀಡಾಪುಟದಲ್ಲಿ ಒಬ್ಬರು ಬರೆದಿದ್ದರು. ಅವರ ಕಾಳಜಿ ಒಳ್ಳೆಯದೇ. ಆದರೆ ಹೇಳಿದ ಮದ್ದು ಸರಿಯಿಲ್ಲ. ದೊಡ್ಡ ಹೆಸರಿನ ಹಿಂದೆ ಬಿದ್ದು ನಾವು ಈಗಾಗಲೇ ನಗೆಪಾಟಲಾಗಿದ್ದೇವೆ. 2025ರ ಜುಲೈನಲ್ಲಿ ಭಾರತದ ಕೋಚ್ ಹುದ್ದೆಗೆ ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿನ ಹೆಸರಾಂತ ಆಟಗಾರನಾಗಿದ್ದ ಕ್ಸಾವಿ ಅರ್ಜಿ ಹಾಕಿದ್ದಾರೆ ಎಂದು ಎಲ್ಲ ಕಡೆ ಸುದ್ದಿಯೋ ಸುದ್ದಿ. ಆಮೇಲೆ ನೋಡಿದರೆ ಆ ಇಮೇಲೇ ನಕಲಿ!

ನಾನು ಬಂಗಾರಪೇಟೆಯಲ್ಲಿ ಆಟದ ಜೆರ್ಸಿ ಹೊಲಿದು ಪ್ರಿಂಟ್ ಹಾಕಿಕೊಡುವವನು. ಕೋಲಾರ, ಕೆಜಿಎಫ್, ಮಾಲೂರು, ಮುಳಬಾಗಿಲು ಕಡೆಯಿಂದ ಟೂರ್ನಮೆಂಟ್ ಹುಡುಗರು ಬರುತ್ತಾರೆ. ಕ್ರಿಕೆಟ್ ತಂಡ ಆದರೆ ಮೂವರಿಗೆ 18 ಬೇಕು, ಜಗಳ ಬಿಡಿಸುವುದೂ ನನ್ನ ಕೆಲಸವೇ. ಫುಟ್‌ಬಾಲ್ ಆದರೆ 7, 10, ಅದು ಸಿಗದಿದ್ದರೆ ಭಾರತ ತಂಡದ ನಾಯಕನಾಗಿದ್ದ ಸುನಿಲ್ ಛೆಟ್ರಿಯ 11. ಹಿಂದೆ ನಿಂತು ಆಡುವ ಬ್ಯಾಕ್‌ಗಳಿಗೆ ಎಲ್ಲರೂ ಬೇಡ ಅಂದ ನಂಬರು. ಕೋಚ್‌ಗೆ ಒಂದು ಜೆರ್ಸಿ ಮಾಡಲಾ ಎಂದು ನಾನೇ ಕೇಳಿದರೆ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಅದಕ್ಕೆ ದುಡ್ಡಿಲ್ಲ. ದುಡ್ಡು ಕೊಟ್ಟವರ ಹೆಸರು ಮಾತ್ರ ಎದೆ ಮೇಲೂ ಬೇಕು, ಬೆನ್ನ ಮೇಲೂ ಬೇಕು, ತೋಳಿನ ಮೇಲೂ ಬೇಕು.

ಅದಕ್ಕೇ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಮೊದಲ ಕೋಚ್ ಆಶ್ಲೆ ವೆಸ್ಟ್‌ವುಡ್ ಅವರ ವಿಷಯ ಬರೆಯುತ್ತಿದ್ದೇನೆ. ನಿಮ್ಮ ಓದುಗರಲ್ಲಿ ಎಷ್ಟೋ ಜನಕ್ಕೆ ಹೆಸರೇ ಮರೆತಿರಬಹುದು. ಮೊಬೈಲಿನಲ್ಲಿ ಹುಡುಕಿದರೂ ಇದೇ ಹೆಸರಿನ ಇನ್ನೊಬ್ಬರು, ಇಂಗ್ಲೆಂಡಿನ ಆಸ್ಟನ್ ವಿಲ್ಲಾ ಮತ್ತು ಬರ್ನ್‌ಲಿ ಕ್ಲಬ್ಬುಗಳಿಗೆ ಆಡಿದ ಮಿಡ್‌ಫೀಲ್ಡರ್, ಎದುರಿಗೆ ಬಂದು ನಿಲ್ಲುತ್ತಾರೆ. ತಮಾಷೆ ಅಂದರೆ ಇಬ್ಬರೂ ಕ್ರೂ ಕ್ಲಬ್ಬಿಗೆ ಆಡಿದವರೇ. ನಾನು ಹೇಳುತ್ತಿರುವುದು ಹಿರಿಯ ವೆಸ್ಟ್‌ವುಡ್ ಬಗ್ಗೆ, 1976ರಲ್ಲಿ ಇಂಗ್ಲೆಂಡಿನ ಬ್ರಿಡ್ಜ್‌ನಾರ್ತ್‌ನಲ್ಲಿ ಹುಟ್ಟಿದವರು.

ಆಟಗಾರನಾಗಿ ಅವರದು ದೊಡ್ಡ ಕಥೆಯೇನಲ್ಲ. ಬ್ಯಾಕ್ ಆಟಗಾರ. ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ತಂಡದಲ್ಲಿ ಕಲಿತರು, ಆದರೆ ದೊಡ್ಡವರ ತಂಡದಲ್ಲಿ ಒಂದು ಮ್ಯಾಚೂ ಸಿಗಲಿಲ್ಲ. 1995ರಲ್ಲಿ ಕ್ರೂ ತಂಡಕ್ಕೆ ಬಂದರು. 1998ರಲ್ಲಿ ಬ್ರಾಡ್‌ಫರ್ಡ್ ಸಿಟಿ. ಮರುವರ್ಷ ಆ ತಂಡ 77 ವರ್ಷಗಳ ನಂತರ ಇಂಗ್ಲೆಂಡಿನ ಮೊದಲ ದರ್ಜೆಗೆ ಏರಿತು, ಅಂದರೆ ಪ್ರೀಮಿಯರ್ ಲೀಗ್‌ಗೆ. ಅಲ್ಲಿ ಇವರಿಗೆ ಸಿಕ್ಕಿದ್ದು ಬೆರಳೆಣಿಕೆಯ ಮ್ಯಾಚುಗಳು. ಆಮೇಲೆ ಶೆಫೀಲ್ಡ್ ವೆಡ್ನೆಸ್‌ಡೇ, ನಾರ್ಥಾಂಪ್ಟನ್, ಚೆಸ್ಟರ್, ಪೋರ್ಟ್ ವೇಲ್, ರೆಕ್ಸ್‌ಹ್ಯಾಮ್ ಹೀಗೆ ಕೆಳಗಿನ ಡಿವಿಷನ್‌ಗಳಲ್ಲೇ ಹೆಚ್ಚಿನ ಆಟ. ನಿಮ್ಮ ಲೇಖಕರ ಲೆಕ್ಕದಲ್ಲಿ ಇಂಥವರ ಅರ್ಜಿ ಮೊದಲ ಸುತ್ತಿನಲ್ಲೇ ಹೊರಗೆ ಬೀಳುತ್ತದೆ, ಅಲ್ವಾ?

ಕೋಚ್ ಆಗಿ ಶುರುವಾದದ್ದೂ ಏನೂ ಚೆನ್ನಾಗಿರಲಿಲ್ಲ. ಯುನೈಟೆಡ್‌ನ ಹಳೇ ಗೆಳೆಯ ಮೈಕೆಲ್ ಆಪಲ್ಟನ್ ಜೊತೆ ಸಹಾಯಕನಾಗಿ ಪೋರ್ಟ್ಸ್‌ಮತ್‌ಗೆ ಹೋದರು. ಆ ಕ್ಲಬ್ಬು ಆಗ ಸಾಲದಲ್ಲಿ ಮುಳುಗಿತ್ತು. 2012ರಲ್ಲಿ 10 ಅಂಕ ಕಳೆದುಕೊಂಡು ಕೆಳದರ್ಜೆಗೆ ಬಿತ್ತು. ಅಲ್ಲಿಂದ ಬ್ಲ್ಯಾಕ್‌ಪೂಲ್, ಆಪಲ್ಟನ್ ಅಲ್ಲಿ ಇದ್ದದ್ದು 65 ದಿನ. ಅಲ್ಲಿಂದ ಬ್ಲ್ಯಾಕ್‌ಬರ್ನ್, 67 ದಿನಕ್ಕೆ ಕ್ಲಬ್ಬಿನವರು ಮನೆಗೆ ಕಳಿಸಿದರು. ಅದು 2013ರ ಮಾರ್ಚ್. ಅದೇ ವರ್ಷ ಬೆಂಗಳೂರಿನಲ್ಲಿ ಹೊಸದಾಗಿ ಶುರುವಾದ ಬೆಂಗಳೂರು ಎಫ್‌ಸಿಗೆ ವೆಸ್ಟ್‌ವುಡ್ ಮೊದಲ ಕೋಚ್ ಆಗಿ ಬಂದರು.

ಆಗ ಅಶೋಕನಗರದ ಹಳೇ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮ್ಯಾಚು. ನಮ್ಮೂರಿನ ರೈಲು ಇಳಿದು ಹೋಗಿ ನೋಡಿ, ರಾತ್ರಿ ರೈಲಿಗೆ ವಾಪಸ್ ಬರುತ್ತಿದ್ದೆವು. ತಂಡದಲ್ಲಿ ಛೆಟ್ರಿ ಬಿಟ್ಟರೆ ಜಾಸ್ತಿ ಹೆಸರಿನವರು ಇರಲಿಲ್ಲ. ಹೊರದೇಶದಿಂದ ಬಂದ ಬ್ಯಾಕ್‌ಗಳು ಜಾನ್ ಜಾನ್ಸನ್ ಮತ್ತು ಕರ್ಟಿಸ್ ಒಸಾನೊ. ಇಬ್ಬರೂ ಇಂಗ್ಲೆಂಡಿನ ಕೆಳಗಿನ ಡಿವಿಷನ್‌ಗಳಲ್ಲಿ ಆಡಿ ಬಂದವರು. ಇಂಥ ಆಟಗಾರರನ್ನು ಆರಿಸೋಕೆ ಆ ಡಿವಿಷನ್‌ಗಳ ಕೆಸರು ತುಳಿದವನೇ ಬೇಕು ಎಂದು ನನಗೆ ಅನ್ನಿಸುತ್ತದೆ. ಯಾರು ಎಪ್ಪತ್ತನೇ ನಿಮಿಷಕ್ಕೆ ಸುಸ್ತಾಗುತ್ತಾರೆ, ಯಾರು ಆಗುವುದಿಲ್ಲ ಅನ್ನುವುದು ಟೀವಿ ನೋಡಿದರೆ ಗೊತ್ತಾಗುವುದಿಲ್ಲ. ಆಟಗಾರರ ಊಟ, ನಿದ್ದೆ, ತೂಕ, ಓಟ ಎಲ್ಲದರ ಮೇಲೂ ಅವರ ಕಣ್ಣಿತ್ತು. 

2014ರ ಏಪ್ರಿಲ್ 21ರಂದು ಗೋವಾದ ಫಟೋರ್ಡಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಬೆಂಗಳೂರು ಮೊದಲ ಸೀಸನ್ನಿನಲ್ಲೇ ಆಗ ದೇಶದ ಮೊದಲ ದರ್ಜೆಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಛೆಟ್ರಿಯದು 14 ಗೋಲು. ಮರುವರ್ಷ ಫೆಡರೇಷನ್ ಕಪ್. 2016ರಲ್ಲಿ ಇನ್ನೊಮ್ಮೆ ಐ-ಲೀಗ್. ಮೂರು ಸೀಸನ್, ಮೂರು ಕಪ್. ಅವರು ಬಿಟ್ಟುಹೋದ ತಂಡವನ್ನೇ ಇಟ್ಟುಕೊಂಡು ಅವರ ನಂತರ ಕೋಚ್ ಆದ ಸ್ಪೇನಿನ ಆಲ್ಬರ್ಟ್ ರೋಕಾ ಅದೇ ವರ್ಷ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ತನಕ ಹೋದರು. ರೋಕಾ ಅವರ ಕೆಲಸ ಸಣ್ಣದೇನಲ್ಲ. ಆದರೆ ಪಾಯ ಹಾಕಿದವರು ಯಾರು ಎಂದು ಕೇಳಿದರೆ ನಾನು ವೆಸ್ಟ್‌ವುಡ್ ಹೆಸರನ್ನೇ ಹೇಳುತ್ತೇನೆ.

ಗೆದ್ದದ್ದಕ್ಕಿಂತ ನನಗೆ ಸೋತ ದಿನವೇ ಜಾಸ್ತಿ ನೆನಪು. 2015ರ ಮೇ 31, ಭಾನುವಾರ, ಕಂಠೀರವದಲ್ಲಿ ಮೋಹನ್ ಬಗಾನ್ ಜೊತೆ ಲೀಗಿನ ಕೊನೆಯ ಮ್ಯಾಚು. ನಮಗೆ ಗೆಲುವೇ ಬೇಕು, ಅವರಿಗೆ ಡ್ರಾ ಸಾಕು. ಮೊದಲರ್ಧದಲ್ಲಿ ಜಾನ್ಸನ್ ಹೆಡ್ ಮಾಡಿ ಗೋಲು ಹೊಡೆದರು. ಒಬ್ಬ ಬ್ಯಾಕ್ ಆಟಗಾರ ಹೊಡೆದ ಗೋಲು ಎಂದು ನನಗೆ ಡಬ್ಬಲ್ ಖುಷಿ. ಅಕ್ಕನ ಮಗ ಜೊತೆಗಿದ್ದ. ನಾಳೆ ಬೆಳಿಗ್ಗೆಯೇ ನನಗೆ ಜಾನ್ಸನ್ ಹೆಸರಿನ ಜೆರ್ಸಿ ಮಾಡಿಕೊಡು ಮಾವ ಎಂದು ಕಿವಿಯಲ್ಲಿ ಕೂಗುತ್ತಿದ್ದ. 87ನೇ ನಿಮಿಷದಲ್ಲಿ ಬಗಾನ್‌ಗೆ ಕಾರ್ನರ್. ಬೆಲ್ಲೊ ರಜಾಕ್ ಮೇಲೆ ಹಾರಿ ತಲೆ ಕೊಟ್ಟರು, ಬಾಲ್ ಒಳಗೆ. 1-1. ಇನ್ನು ಮೂರೇ ನಿಮಿಷ ತಡೆದಿದ್ದರೆ ಕಪ್ ನಮ್ಮದಾಗುತ್ತಿತ್ತು. ರೈಲಿನಲ್ಲಿ ವೈಟ್‌ಫೀಲ್ಡ್ ದಾಟುವವರೆಗೂ ಹುಡುಗ ಮಾತಾಡಲಿಲ್ಲ. ಮಾರನೇ ದಿನ ಜೆರ್ಸಿ ಮಾತ್ರ ಬಿಡಲಿಲ್ಲ, ಮಾಡಿಸಿಕೊಂಡೇ ಹೋದ. ನನ್ನ ಅಂಗಡಿಯಲ್ಲಿ ಬ್ಯಾಕ್ ಆಟಗಾರನ ಹೆಸರು ಕೇಳಿ ಹಾಕಿಸಿಕೊಂಡವರು ತೀರಾ ಕಮ್ಮಿ, ಅದರಲ್ಲಿ ಅವನೊಬ್ಬ.

ವೆಸ್ಟ್‌ವುಡ್ ಮುಟ್ಟಿದ್ದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಬೆಂಗಳೂರು ಬಿಟ್ಟಮೇಲೆ ಮಲೇಷ್ಯಾದ ಪೆನಾಂಗ್ ತಂಡಕ್ಕೆ ಹೋದರು, ಒಂದು ಸೀಸನ್ ಪೂರ್ತಿ ಉಳಿಯಲಿಲ್ಲ. ಆಮೇಲೆ ಕೋಲ್ಕತ್ತದ ಎಟಿಕೆ ಕ್ಲಬ್ಬು. ಇದನ್ನು ನಿಮ್ಮ ಲೇಖಕರು ಗಮನಿಸಬೇಕು. ಆ ಸೀಸನ್ನಿಗೆ ಎಟಿಕೆ ಮೊದಲು ಕೋಚ್ ಮಾಡಿದ್ದು ಟೆಡ್ಡಿ ಶೆರಿಂಗ್‌ಹ್ಯಾಮ್ ಅವರನ್ನು. 1999ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಗೋಲು ಹೊಡೆದ ಮನುಷ್ಯ, ಇದಕ್ಕಿಂತ ದೊಡ್ಡ ಹೆಸರು ಇನ್ನೇನು ಬೇಕು? 2018ರ ಜನವರಿಯಲ್ಲಿ ಸೀಸನ್ ನಡುವೆಯೇ ಅವರನ್ನು ತೆಗೆದರು. ವೆಸ್ಟ್‌ವುಡ್‌ಗೆ ತಾತ್ಕಾಲಿಕವಾಗಿ ಹೊಣೆ ಬಂತು, ಅವರ ಕೈಯಲ್ಲೂ ತಂಡ ಮೇಲೇಳಲಿಲ್ಲ. ಕೊನೆಗೆ ರಾಬಿ ಕೀನ್, ಅದೂ ದೊಡ್ಡ ಹೆಸರೇ. ಹತ್ತು ತಂಡಗಳಲ್ಲಿ ಎಟಿಕೆ ಒಂಬತ್ತನೇ ಸ್ಥಾನ. ಹೊಲಿಗೆ ಸರಿಯಿಲ್ಲದ ಜೆರ್ಸಿಗೆ ಬೆನ್ನ ಮೇಲೆ ಯಾರ ಹೆಸರು ಹಾಕಿದರೂ ಎರಡನೇ ಮ್ಯಾಚಿಗೆ ಕಂಕುಳಲ್ಲಿ ಬಿಚ್ಚಿಕೊಳ್ಳುತ್ತದೆ.

ಇನ್ನು ಅಫ್ಘಾನಿಸ್ತಾನದ ಕಥೆ. ಇದು ನಮಗೇ ತಿರುಗಿ ಬಿದ್ದ ಏಟು. 2023ರ ನವೆಂಬರ್‌ನಲ್ಲಿ ವೆಸ್ಟ್‌ವುಡ್ ಆ ತಂಡವನ್ನು ವಹಿಸಿಕೊಂಡರು. ಫೆಡರೇಷನ್ ಜೊತೆ ಜಗಳವಾಡಿ ಎಷ್ಟೋ ಮುಖ್ಯ ಆಟಗಾರರು ಹೊರಗಿದ್ದರು. ತವರಿನಲ್ಲಿ ಆಡೋಕೆ ಅವಕಾಶವೇ ಇಲ್ಲ, ತಮ್ಮ ಹೋಮ್ ಮ್ಯಾಚನ್ನು ಸೌದಿ ಅರೇಬಿಯಾದಲ್ಲಿ ಆಡಬೇಕು. ಕತಾರ್ ಕೈಯಲ್ಲಿ 8-1 ಸೋಲು. ಅಲ್ಲಿಂದ ನಾಲ್ಕು ತಿಂಗಳು. 2024ರ ಮಾರ್ಚ್ 21ಕ್ಕೆ ಭಾರತದ ಜೊತೆ 0-0. ಮಾರ್ಚ್ 26ಕ್ಕೆ ಗುವಾಹಟಿಯಲ್ಲಿ ಛೆಟ್ರಿಯ 150ನೇ ಅಂತರರಾಷ್ಟ್ರೀಯ ಮ್ಯಾಚು. ಪೆನಾಲ್ಟಿಯಲ್ಲಿ ಅವರೇ ಗೋಲು ಹೊಡೆದು ಮುನ್ನಡೆ ಕೊಟ್ಟರು. ಅಫ್ಘಾನಿಸ್ತಾನ ಎರಡು ಗೋಲು ಹೊಡೆದು 2-1ರಿಂದ ಗೆದ್ದಿತು. ರ‍್ಯಾಂಕಿಂಗ್‌ನಲ್ಲಿ ನಮಗಿಂತ ಎಷ್ಟೋ ಕೆಳಗಿದ್ದ ತಂಡ ಅದು. ಛೆಟ್ರಿಯನ್ನು ಮೂರು ವರ್ಷ ದಿನಾ ಮೈದಾನದಲ್ಲಿ ನೋಡಿದ ಮನುಷ್ಯ ಆ ಕಡೆ ಬೆಂಚಿನಲ್ಲಿದ್ದರು ಅನ್ನುವುದು ಎಷ್ಟು ವರದಿಗಳಲ್ಲಿ ಬಂತು?

2024ರ ಆಗಸ್ಟ್‌ನಲ್ಲಿ ಅವರು ಹಾಂಗ್‌ಕಾಂಗ್ ತಂಡದ ಕೋಚ್ ಆದರು. 2025ರ ಜೂನ್ 10ರಂದು ಏಷ್ಯನ್ ಕಪ್ ಅರ್ಹತಾ ಪಂದ್ಯದಲ್ಲಿ ಆ ತಂಡ ಕೊನೆಯ ಗಳಿಗೆಯ ಪೆನಾಲ್ಟಿಯಲ್ಲಿ ಭಾರತವನ್ನು 1-0ಯಿಂದ ಸೋಲಿಸಿತು. ಎರಡು ಬೇರೆ ಬೇರೆ ದೇಶ ಕಟ್ಟಿಕೊಂಡು ಬಂದು ನಮ್ಮನ್ನು ಎರಡು ಸಲ ಸೋಲಿಸಿದ ಮನುಷ್ಯ ಕೋಚಿಂಗ್‌ನಲ್ಲಿ ಮೊದಲು ಹೆಸರು ಮಾಡಿದ್ದು ನಮ್ಮ ಬೆಂಗಳೂರಿನಲ್ಲಿ. ನಮ್ಮ ಪತ್ರಿಕೆಗಳಲ್ಲಿ ಬಂದದ್ದು ಮಾತ್ರ ಛೆಟ್ರಿ ಯಾಕೆ ಗೋಲು ಹೊಡೆಯಲಿಲ್ಲ ಅನ್ನುವ ಚರ್ಚೆ.

ಖಾಲಿದ್ ಜಮೀಲ್ ವಿಷಯವೂ ಹಾಗೇ. ಐಜ್ವಾಲ್ ಅನ್ನುವ ಸಣ್ಣ ಊರಿನ ತಂಡಕ್ಕೆ 2017ರಲ್ಲಿ ಐ-ಲೀಗ್ ಗೆಲ್ಲಿಸಿಕೊಟ್ಟವರು. ಭಾರತದ ಕೋಚ್ ಆಗೋಕೆ 2025ರ ಆಗಸ್ಟ್ ಬರಬೇಕಾಯಿತು.

ಈಗ ನಮ್ಮ ಜಿಲ್ಲೆಗೆ ಬರುತ್ತೇನೆ. ಚಿನ್ನದ ಗಣಿ ನಡೆಯುತ್ತಿದ್ದಾಗ ಕೆಜಿಎಫ್‌ನಲ್ಲಿ ಫುಟ್‌ಬಾಲ್ ಅಂದರೆ ಜನ ಸೇರುತ್ತಿದ್ದರು. ನಾನು ಹುಡುಗನಾಗಿದ್ದಾಗ ಅಲ್ಲಿನ ಒಂದು ತಂಡಕ್ಕೆ ಬ್ಯಾಕ್ ಆಡುತ್ತಿದ್ದೆ. ಗಣಿಯಲ್ಲಿ ಶಿಫ್ಟ್ ಮುಗಿಸಿ ಬಂದ ಒಬ್ಬ ಅಣ್ಣ ನಮಗೆ ಕಲಿಸುತ್ತಿದ್ದರು. ಅರ್ಧ ತಮಿಳು, ಅರ್ಧ ಕನ್ನಡ. ಗಣಿಯಿಂದ ಹೊರಹಾಕಿದ ಮಣ್ಣಿನ ಸೈನೈಡ್ ದಿಬ್ಬದ ಪಕ್ಕದಲ್ಲಿ ಓಡಿಸಿ ಉಸಿರು ತೆಗೆಸುತ್ತಿದ್ದರು. ‘ಅವನ ಕಾಲು ನೋಡ್ಬೇಡ, ಸೊಂಟ ನೋಡು, ಸೊಂಟ ತಿರುಗಿದ ಕಡೆಗೇ ಹೋಗ್ತಾನೆ’ ಎಂದು ಅವರು ಹೇಳಿದ್ದನ್ನು ಈಗಲೂ ನಾನು ಹುಡುಗರಿಗೆ ಹೇಳುತ್ತೇನೆ. ಅವರು ಜಿಲ್ಲೆಗೂ ಆಡಿದವರಲ್ಲ, ರಾಜ್ಯಕ್ಕೂ ಆಡಿದವರಲ್ಲ. ಪೇಪರಿನಲ್ಲಿ ಅವರ ಹೆಸರು ಒಂದು ಸಲವೂ ಬಂದಿಲ್ಲ. 2001ರಲ್ಲಿ ಗಣಿ ಮುಚ್ಚಿತು. ಜನ ಕೆಲಸಕ್ಕೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರುವ ಹಾಗಾಯಿತು. ಸಂಜೆ ಮೈದಾನಕ್ಕೆ ಬರೋಕೆ ಯಾರು ಉಳಿದರು?

ಹೋದ ಬೇಸಿಗೆಯಲ್ಲಿ ನಮ್ಮ ಕಡೆ ಒಂದು ಫುಟ್‌ಬಾಲ್ ಶಿಬಿರ ನಡೆಯಿತು. ಯಾರು ನಡೆಸಿದ್ದು ಎಂದು ಹೇಳುವುದಿಲ್ಲ. ಬೆಂಗಳೂರಿನಿಂದ ಒಬ್ಬ ಮಾಜಿ ಆಟಗಾರರು ಉದ್ಘಾಟನೆಗೆ ಬಂದರು. ಪೇಟ, ಶಾಲು, ಹಣ್ಣಿನ ಬುಟ್ಟಿ, ಕಾರಿನ ಬಾಡಿಗೆ ಎಲ್ಲ ಆಯಿತು. ಅವರ ಹೆಸರು ಹಾಕಿದ ಜೆರ್ಸಿಗೆ ಗಾಜಿನ ಫ್ರೇಮ್ ಕಟ್ಟಿಸಿ ಕೊಟ್ಟರು. ಆ ಪ್ರಿಂಟ್ ಹಾಕಿದ್ದು ನಾನೇ. ದಿನಾ ಬೆಳಿಗ್ಗೆ ಬೆಳಕು ಹರಿಯುವ ಮೊದಲು ಬಂದು, ಕೋನ್ ಇಟ್ಟು, ಸೀಟಿ ಊದಿ ಮಕ್ಕಳನ್ನು ಆಡಿಸಿದ ಹುಡುಗನಿಗೆ ಕೊನೆಯಲ್ಲಿ ಉಳಿದ ಒಂದು ಡಬಲ್ ಎಕ್ಸ್‌ಎಲ್ ಜೆರ್ಸಿ ಕೊಟ್ಟರು. ಅವನು ಇರುವುದೇ ಐವತ್ತೈದು ಕೆಜಿ. ಅಂಗಡಿಗೆ ತಂದು ಚಿಕ್ಕದು ಮಾಡಿಕೊಡಿ ಅಣ್ಣಾ ಎಂದ. ಎರಡೂ ಬದಿ ಹಿಡಿದು, ತೋಳು ಬಿಚ್ಚಿ ಮತ್ತೆ ಕೂರಿಸಿ, ದುಡ್ಡು ತೆಗೆದುಕೊಳ್ಳದೆ ಕೊಟ್ಟೆ. ಹಿಂದೆ ‘ಕೋಚ್’ ಎಂದೂ ಹಾಕಿದೆ. ಶಿಬಿರದ ಸುದ್ದಿ ಪತ್ರಿಕೆಯಲ್ಲಿ ಬಂದಾಗ ವೇದಿಕೆ ಮೇಲಿದ್ದವರ ಹೆಸರೆಲ್ಲ ಇತ್ತು, ಅವನದು ಇರಲಿಲ್ಲ.

ಆದ್ದರಿಂದ ನನ್ನದೊಂದು ಸಣ್ಣ ಕೋರಿಕೆ. ಭಾರತ ತಂಡಕ್ಕೆ ಯಾರು ಬರಬೇಕು ಎಂದು ನಾನಾಗಲೀ ನೀವಾಗಲೀ ತೀರ್ಮಾನ ಮಾಡೋಕೆ ಆಗುವುದಿಲ್ಲ. ಜಿಲ್ಲಾ ಪುಟ ಮಾತ್ರ ನಿಮ್ಮ ಕೈಯಲ್ಲಿದೆ. ತಾಲ್ಲೂಕು ಮಟ್ಟದ ಶಾಲಾ ಪಂದ್ಯ ಇರಲಿ, ಊರಹಬ್ಬದ ಟೂರ್ನಮೆಂಟ್ ಇರಲಿ, ಗೆದ್ದ ತಂಡದ ಹೆಸರಿನ ಪಕ್ಕದಲ್ಲಿ ಕೋಚ್ ಹೆಸರನ್ನೂ ಹಾಕಿ. ಫುಟ್‌ಬಾಲ್ ಒಂದಕ್ಕೇ ಅಲ್ಲ, ಕಬಡ್ಡಿ, ಖೊಖೊ, ವಾಲಿಬಾಲ್‌ಗೂ ಹಾಕಿ. ಹೆಸರು ಬಂದರೆ ಆ ಹುಡುಗ ಪೇಪರ್ ಕತ್ತರಿಸಿ ಇಟ್ಟುಕೊಂಡು, ನಾಳೆ ಯಾವುದಾದರೂ ಶಾಲೆಯಲ್ಲಿ ಕೆಲಸ ಕೇಳುವಾಗ ತೋರಿಸೋಕೆ ಒಂದು ಕಾಗದ ಆದರೂ ಇರುತ್ತದೆ.

ಜೆರ್ಸಿ ಮಾಡಿಸೋಕೆ ಬರುವ ಸಂಘಟಕರಿಗೆಲ್ಲ, ನಿಮಗೆ ಫೋಟೋ ಕಳಿಸುವಾಗ ಕೋಚ್ ಹೆಸರನ್ನೂ ಬರೆದು ಕಳಿಸಿ ಎಂದು ಹೇಳುತ್ತಿದ್ದೇನೆ. ಜಾಗ ಸಾಲದಿದ್ದರೆ ಮುಖ್ಯ ಅತಿಥಿಗಳ ಪಟ್ಟಿಯಲ್ಲಿ ಇಬ್ಬರನ್ನು ಬಿಡಿ.

ಇಂತಿ ನಿಮ್ಮ ಓದುಗ,
ಜೆರ್ಸಿ ಅಂಗಡಿಯವನು, ಬಂಗಾರಪೇಟೆ, ಕೋಲಾರ ಜಿಲ್ಲೆ