ಅಮೆರಿಕದ ಬೂನ್ ಪಟ್ಟಣದ ಹತ್ತಿರ ನೀನು ಕೊಂಡ ಬಾಂಜೊ

ಗೆಳೆಯಾ,

ನೀನು ಕಳಿಸಿದ ಹದಿನಾಲ್ಕು ಫೋಟೋಗಳನ್ನೂ ನೋಡಿದೆ. ರಾತ್ರಿ ಮಲಗುವ ಮುಂಚೆ ಒಂದ್ಸಲ, ಬೆಳಗ್ಗೆ ಕಾಫಿ ಕುಡಿಯುತ್ತಾ ಇನ್ನೊಂದ್ಸಲ. ಯಾರದೋ ಮನೆಯ ಹಳೇ ಸಾಮಾನಿನ ಮಾರಾಟದಲ್ಲಿ 60 ಡಾಲರಿಗೆ ಇಂಥ ಬಾಂಜೊ, ಅಂದರೆ ತೊಗಲು ಬಿಗಿದ ಅಮೆರಿಕದ ತಂತಿವಾದ್ಯ, ಸಿಕ್ಕಿತಲ್ಲ, ನನಗೇ ಸಿಕ್ಕಷ್ಟು ಖುಷಿಯಾಯಿತು. ಯಾರು ಮಾಡಿದ್ದು, ಎಷ್ಟು ಬೆಲೆ ಬಾಳುತ್ತೆ ಅಂತ ಕೇಳಿದ್ದೀಯ. ಅದಕ್ಕೂ ಮೊದಲು ಒಂದು ಮಾತು. ಅದನ್ನು ಒರೆಸಬೇಡ. ಪಾಲಿಶ್ ಹಾಕಬೇಡ. ಒಂದು ಸ್ಕ್ರೂ ಕೂಡ ಬಿಚ್ಚಬೇಡ.

ಯಾಕೆ ಅಂದರೆ, ನನ್ನ ಮೊದಲ ಬಾಂಜೊ ಒಳಗಡೆ ಪೆನ್ಸಿಲ್‌ನಲ್ಲಿ ಏನೋ ಬರೆದಿತ್ತು. ಸರಿಯಾಗಿ ಓದಿರಲಿಲ್ಲ, ಆಮೇಲೆ ನೋಡೋಣ ಅಂತ ಬಿಟ್ಟಿದ್ದೆ. ರಿಪೇರಿಗೆ ಕೊಟ್ಟ ಅಂಗಡಿಯವರು ಮರಳು ಕಾಗದ ಹಾಕಿ ಉಜ್ಜಿ, ಹೊಸದರ ಹಾಗೆ ಹೊಳಪು ಮಾಡಿ ಕೈಗಿಟ್ಟರು. ಬರಹ ಹೋಯಿತು. ಅದು ಮಾಡಿದವನ ಹೆಸರೇ ಇದ್ದಿರಬಹುದು. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ನಿಮ್ಮಪ್ಪ ವಿಡಿಯೋ ಕಾಲ್‌ನಲ್ಲಿ "ಇದಕ್ಕೆ ಗುಂಡಿಗಳೇ ಇಲ್ವಲ್ಲೋ" ಅಂದರಂತೆ. ಅವರು ಕೇಳಿದ್ದು ಸರಿಯೇ. ನಮ್ಮಲ್ಲಿ ಬ್ಯಾಂಜೊ ಅಂದರೆ ಟೈಪ್‌ರೈಟರ್ ಥರ ಗುಂಡಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗ್. ಅದು ಜಪಾನಿನ ತೈಶೋಗೊತೊ ಎಂಬ ವಾದ್ಯದಿಂದ ಬಂದದ್ದು. ನಿನ್ನ ಕೈಯಲ್ಲಿರುವುದರ ಬೇರು ಪಶ್ಚಿಮ ಆಫ್ರಿಕಾದಲ್ಲಿದೆ. ಸೆನೆಗಲ್, ಗ್ಯಾಂಬಿಯಾ ಕಡೆಯ ಜೋಲಾ ಜನರ ಅಕೊಂಟಿಂಗ್ ಎಂಬ ವಾದ್ಯ ನೋಡು: ಸೋರೆ ಬುರುಡೆ, ಅದರ ಮೇಲೆ ತೊಗಲು, ಕೋಲಿನ ಕುತ್ತಿಗೆ, ಹೆಬ್ಬೆರಳಿಗೆಂದೇ ಒಂದು ಗಿಡ್ಡ ತಂತಿ. ಗುಲಾಮರಾಗಿ ಹಡಗಿನಲ್ಲಿ ಅಮೆರಿಕದ ಕಡೆಗೆ ಸಾಗಿಸಲ್ಪಟ್ಟ ಜನ ಅಂಥ ವಾದ್ಯಗಳನ್ನು ನೆನಪಿನಿಂದಲೇ ಮತ್ತೆ ಕಟ್ಟಿದರು. 1840ರ ದಶಕದಲ್ಲಿ ಬಾಲ್ಟಿಮೋರ್‌ನ ವಿಲಿಯಂ ಬೌಚರ್ ಅಂಗಡಿ ಇಟ್ಟು ಬಾಂಜೊ ಮಾಡಿ ಮಾರುವ ಹೊತ್ತಿಗೆ ಆ ವಾದ್ಯಕ್ಕೆ ನೂರು ವರ್ಷಕ್ಕೂ ಮೇಲಾಗಿತ್ತು. ಅಷ್ಟೂ ವರ್ಷ ಮಾಡಿದವರಲ್ಲಿ ಯಾರ ಹೆಸರೂ ನಮಗೆ ಉಳಿದಿಲ್ಲ ಅನ್ನಬಹುದು. ಹಾಗಾಗಿ ನಿನ್ನದರ ಮೇಲೆ ಹೆಸರಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ.

ಸರಿ, ಈಗ ನಿನ್ನದಕ್ಕೆ ಬರೋಣ. ಮೆಟ್ಟಿಲು (ಸ್ವರದ ಜಾಗ ತೋರಿಸುವ ಅಡ್ಡ ಪಟ್ಟಿ) ಇಲ್ಲದ ಕುತ್ತಿಗೆ, ಮರದ ಅಗಲ ಬಳೆಯ ನಡುವೆ ಆರಿಂಚಿನ ಸಣ್ಣ ತೊಗಲು, ಸುತ್ತ ತೊಗಲು ಬಿಗಿಯುವ ಕೊಕ್ಕೆಗಳೇ ಇಲ್ಲ. ಇದು ಉತ್ತರ ಕೆರೊಲಿನಾದ ವಟಾಗ ಕೌಂಟಿ, ಬೀಚ್ ಮೌಂಟನ್ ಸುತ್ತಮುತ್ತಲಿನ ಬೆಟ್ಟದ ಬಾಂಜೊ. ಮುಂದಿನ ಹಲಗೆ ಹಿಂದಿನ ಹಲಗೆ ಸೇರಿಸಿ ಬಿಗಿದು, ಒಳಗಿನ ಲೋಹದ ಬಳೆಯ ಮೇಲೆ ತೊಗಲನ್ನು ಎಳೆದು ಹಿಡಿಸುತ್ತಾರೆ. ಗ್ರೌಂಡ್‌ಹಾಗ್ (ಬಿಲದಲ್ಲಿರುವ ಅಳಿಲಿನ ಜಾತಿಯ ಪ್ರಾಣಿ) ತೊಗಲು, ಬೆಕ್ಕಿನ ತೊಗಲು ಎರಡನ್ನೂ ಬಳಸುತ್ತಿದ್ದರು. ಇದನ್ನು ನೋಡಿದವರು ಯಾರಾದರೂ ನಿನಗೆ "ಫ್ರಾಂಕ್ ಪ್ರಾಫಿಟ್ ಮಾಡಿದ್ದು" ಅಥವಾ "ಸ್ಟ್ಯಾನ್ಲಿ ಹಿಕ್ಸ್ ಮಾಡಿದ್ದು" ಅಂದೇ ಅನ್ನುತ್ತಾರೆ. ಬಾಂಜೊ ಮಾಡುವವರಲ್ಲಿ ಇಬ್ಬರೂ ಆ ಸೀಮೆಯ ದೊಡ್ಡ ಹೆಸರುಗಳು. ಪ್ರಾಫಿಟ್ 1965ರಲ್ಲಿ ತೀರಿಕೊಂಡರು. ಹಿಕ್ಸ್ ಅವರಿಗೆ 1983ರಲ್ಲಿ ರಾಷ್ಟ್ರೀಯ ಗೌರವ ಸಿಕ್ಕಿತು. ಆದರೆ ಅದೇ ಅಳತೆ ಇಟ್ಟುಕೊಂಡು ಬೇರೆಯವರೂ ಎಷ್ಟೋ ಮಾಡಿದ್ದಾರೆ. ಆಕಾರ ಒಂದೇ ಇದೆ ಅಂತ ಹೆಸರು ಅಂಟಿಸಬೇಡ. ಅವರದೇ ಅಂತ ಗೊತ್ತಿರುವ ವಾದ್ಯದ ಪಕ್ಕ ಇಟ್ಟು, ತಲೆಯ ಕೆತ್ತನೆ, ಬಿರಡೆ, ಕುತ್ತಿಗೆಯ ಬುಡ ಕಡಿದ ರೀತಿ ಎಲ್ಲ ಹೋಲಿಸಿ ನೋಡಬೇಕು.

ಒಂಬತ್ತನೇ ಫೋಟೋದಲ್ಲಿ ಹಿಂದಿನ ಹಲಗೆಯ ಸ್ಕ್ರೂ ನೋಡಿದೆಯಾ? ತಲೆಯಲ್ಲಿ ಪ್ಲಸ್ ಗುರುತು. ಫಿಲಿಪ್ಸ್ ಸ್ಕ್ರೂ ಪೇಟೆಗೆ ಬಂದದ್ದೇ 1930ರ ದಶಕದಲ್ಲಿ. ಹಾಗಾದರೆ ಬಾಂಜೊ ಅದಕ್ಕಿಂತ ಈಚಿನದು ಅಂತ ತಕ್ಷಣ ಹೇಳಬೇಡ. ಸ್ಕ್ರೂ ಮಾತ್ರ ಯಾರೋ ಬದಲಾಯಿಸಿರಬಹುದು, ಅಲ್ವಾ? ಟಾರ್ಚ್ ಹಿಡಿದು ಸ್ಕ್ರೂ ಸುತ್ತಲಿನ ಮರ ನೋಡು. ಹಳೇ ದೊಡ್ಡ ತಲೆಯ ಕಪ್ಪು ಉಂಗುರ ಇದ್ದರೆ ಬದಲಾಯಿಸಿದ್ದಾರೆ. ಈಗಿನ ಸ್ಕ್ರೂ ತಲೆಯಷ್ಟೇ ಅಗಲದ ಗುರುತು ಇದ್ದರೆ ಮೊದಲಿಂದಲೂ ಅದೇ ಇದ್ದಿರಬಹುದು. ನನಗೆ ಫೋಟೋದಲ್ಲಿ ಕಂಡದ್ದು ಎರಡನೆಯದು. 1940ರಿಂದ 70ರ ನಡುವಿನದು ಅಂತ ನನ್ನ ಅಂದಾಜು, ಕೈಗೆ ಸಿಗುವವರೆಗೆ.

ತೊಗಲನ್ನು ಬೆಳಕಿಗೆ ಹಿಡಿ. ನಿಜವಾದ ತೊಗಲಲ್ಲಿ ಕೂದಲಿದ್ದ ಸಣ್ಣ ಚುಕ್ಕಿಗಳು ಕಾಣುತ್ತವೆ, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಪ್ಲಾಸ್ಟಿಕ್ ಎಲ್ಲ ಕಡೆ ಒಂದೇ ಸಮ. ಮಳೆ ಬಂದ ದಿನ ದನಿ ಮಂಕಾದರೆ ಗಾಬರಿಯಾಗಬೇಡ, ತೊಗಲು ಸಡಿಲವಾಗುವುದು ಸಹಜ. ಮೇಲಿನ ಬಣ್ಣ ಅರಗಿನದು ಅನಿಸುತ್ತೆ. ನಮ್ಮ ಚನ್ನಪಟ್ಟಣದ ಬೊಂಬೆಗೆ ಹಚ್ಚುವ ಅರಗೇ, ಇಲ್ಲಿ ಶೆಲ್ಯಾಕ್ ಅನ್ನುತ್ತಾರೆ. ಸ್ಪಿರಿಟ್ ತಾಗಿದರೆ ಮೆತ್ತಗಾಗುತ್ತದೆ. ಆ ಪರೀಕ್ಷೆ ನೀನು ಮಾಡಬೇಡ, ನಾನು ಬಂದು ಕಾಣದ ಮೂಲೆಯಲ್ಲಿ ಮಾಡುತ್ತೇನೆ.

ಒಂದು ಲೆಕ್ಕ ಮಾತ್ರ ಈಗಲೇ ಮಾಡು. ತಲೆಯ ಹತ್ತಿರ ತಂತಿ ಹಾಯುವ ಸಣ್ಣ ಪಟ್ಟಿಯಿಂದ (ನಟ್ಟು) ತೊಗಲಿನ ಮೇಲೆ ತಂತಿ ಹೊರುವ ಕುದುರೆಯವರೆಗೆ ಅಳೆ. ಗಿಡ್ಡ ತಂತಿಯ ಬಿರಡೆ ಆ ಉದ್ದದ ಕಾಲು ಭಾಗದ ಆಸುಪಾಸಿನಲ್ಲಿ ಇರಬೇಕು. 26 ಇಂಚಿದ್ದರೆ ಸುಮಾರು ಆರೂವರೆ ಇಂಚು. ಅಲ್ಲೇ ಇದ್ದರೆ ಮಾಡಿದವನಿಗೆ ನುಡಿಸುವುದೂ ಗೊತ್ತಿತ್ತು ಅನ್ನಬಹುದು. ಇನ್ನೊಂದು ಗುರುತು ನನ್ನ ಮನಸ್ಸಿಗೆ ತುಂಬ ಹಿಡಿಸಿತು. ನಟ್ಟಿನಿಂದ ಮೂರು ಬೆರಳು ಕೆಳಗೆ, ಮೊದಲೆರಡು ತಂತಿಗಳ ಅಡಿಯಲ್ಲಿ ಮರ ಸವೆದು ತಿಳಿಯಾಗಿದೆ. ಉಳಿದ ಕಡೆ ಕಪ್ಪಗೇ ಇದೆ. ಸುಳ್ಳು ಸವೆತ ಸಾಮಾನ್ಯವಾಗಿ ಎಲ್ಲ ಕಡೆ ಒಂದೇ ಥರ ಇರುತ್ತದೆ. ಇದು ಯಾರೋ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬೆರಳಿಟ್ಟು ನುಡಿಸಿದ್ದು.

ಬೆಲೆ ವಿಷಯ. ಪ್ರಾಫಿಟ್ ಕೈಯದು ಅಂತ ಸಾಬೀತಾದರೆ ಲೆಕ್ಕವೇ ಬೇರೆ. ಇಲ್ಲದಿದ್ದರೆ ಕೊಳ್ಳುವವರು ನೋಡುವುದು ಕುತ್ತಿಗೆ ನೆಟ್ಟಗಿದೆಯಾ, ಬುಡದಲ್ಲಿ ಬಿರುಕಿದೆಯಾ, ದನಿ ಹೇಗಿದೆ, ಅಷ್ಟೇ. ಮಾಡಿದವರು ಗೊತ್ತಿಲ್ಲದ ವಾದ್ಯ ಚೆನ್ನಾಗಿ ನುಡಿದರೂ ಬೆಲೆ ತುಂಬ ಏರುವುದು ಕಷ್ಟ. ವಿಮೆಗೆ ಬರೆಸುವ ಬೆಲೆ ಒಂದು, ಅಂಗಡಿಯವರು ಕೈಗೆ ಕೊಡುವ ದುಡ್ಡು ಇನ್ನೊಂದು. ಎರಡನೆಯದು ಸಾಮಾನ್ಯವಾಗಿ ಕಡಿಮೆ. ಬರೀ ಫೋಟೋ ನೋಡಿ ನಾನು ಅಂಕಿ ಹೇಳುವುದಿಲ್ಲ.

ಬೆಲೆ ಜಾಸ್ತಿ ಮಾಡುವ ಒಂದು ಕೆಲಸ ನಿನ್ನ ಕೈಯಲ್ಲೇ ಇದೆ. ಮಾರಿದ ಮನೆಯವರಿಗೆ ಫೋನ್ ಮಾಡು. ಯಾರು ನುಡಿಸುತ್ತಿದ್ದರು, ಎಲ್ಲಿಂದ ಬಂತು, ಹಳೇ ಫೋಟೋ ಇದೆಯಾ ಅಂತ ಕೇಳು. ಅವರು ಹೇಳಿದ್ದನ್ನು ಅವರ ಮಾತಲ್ಲೇ ತಾರೀಖು ಹಾಕಿ ಬರೆದಿಡು. ಇದನ್ನು ಈ ವಾರವೇ ಮಾಡು. ಮನೆ ಖಾಲಿ ಮಾಡುತ್ತಿರುವವರು ಕಾಗದ ಪತ್ರ ಎಲ್ಲ ಕಸಕ್ಕೆ ಹಾಕಿಬಿಡುತ್ತಾರೆ.

ಶನಿವಾರ ಬೆಳಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ನಿಮ್ಮಲ್ಲಿಗೆ ಬರುತ್ತೇನೆ. ಸ್ಟೀಲ್ ತಂತಿ ಹಾಕಬೇಡ, ಆ ಹಳೇ ತೊಗಲು ತಡೆಯುತ್ತದೋ ಇಲ್ಲವೋ. ನೈಲಾನ್ ತಂತಿ, ಸಣ್ಣ ಕನ್ನಡಿ, ಟಾರ್ಚ್ ನಾನೇ ತರುತ್ತೇನೆ. ತೊಗಲಿನ ಹಿಂದೆ ಏನಾದರೂ ಬರೆದಿದೆಯಾ ಅಂತ ಮೊದಲು ಅದನ್ನೇ ನೋಡೋಣ.

ನಿನ್ನ ಗೆಳೆಯ