ಗೂಡಿನ ಫೋಟೊ ಹಾಕಬೇಡಿ

ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಟಿಟ್ಟಿಭದ ಫೋಟೊ ನೋಡಿದೆ. ನಾಲ್ಕು ಮೊಟ್ಟೆ, ಪಕ್ಕದಲ್ಲಿ ರೆಕ್ಕೆ ಬಿಚ್ಚಿ ಕಿರುಚುತ್ತಿರುವ ಹಕ್ಕಿ. ಚಿತ್ರ ಚೆನ್ನಾಗಿಯೇ ಇದೆ. ಆದರೆ ಆ ಹಕ್ಕಿ ಕ್ಯಾಮೆರಾ ಹಿಡಿದವರನ್ನು ಅಲ್ಲಿಂದ ಓಡಿಸಲು ಒದ್ದಾಡುತ್ತಿದೆ, ಅಷ್ಟೇ.

ನಾನೂ ಹಕ್ಕಿ ಫೋಟೊ ತೆಗೆಯುವವನೇ. ಎಂಟು ವರ್ಷದಿಂದ ಹೆಚ್ಚುಕಡಿಮೆ ದಿನಾ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಹೋಗುತ್ತೇನೆ. ಈ ಬೇಸಿಗೆಯಲ್ಲಿ ಕೆರೆ ಅಂಚಿನ ಕಲ್ಲುನೆಲದಲ್ಲಿ ಒಂದು ಟಿಟ್ಟಿಭ ಮೊಟ್ಟೆ ಇಟ್ಟಿತ್ತು. ಅದಕ್ಕೆ ಗೂಡು ಅಂತ ಏನೂ ಇರುವುದಿಲ್ಲ, ನೆಲದಲ್ಲೇ ಒಂದು ಸಣ್ಣ ಗುಳಿ, ಮೊಟ್ಟೆ ಥೇಟ್ ಕಲ್ಲಿನ ಬಣ್ಣ. ಯಾರೋ ನೋಡಿ ವಾಟ್ಸ್ಆ್ಯಪ್ ಗ್ರೂಪಿಗೆ ಲೊಕೇಶನ್ ಹಾಕಿದರು. ಮಾರನೇ ದಿನ ಏಳು ಜನ ಸೇರಿದ್ದರು. ಫ್ರೇಮಿಗೆ ಅಡ್ಡ ಬರುತ್ತದೆ ಅಂತ ಒಬ್ಬರು ಅಲ್ಲಿದ್ದ ಒಣಹುಲ್ಲು ಕಿತ್ತರು.

ಬಿಸಿಲು ಏರಿದಾಗ ಈ ಹಕ್ಕಿಗೆ ಕಾವು ಕೊಡುವುದಕ್ಕಿಂತ ಮೊಟ್ಟೆಯನ್ನು ತಂಪಾಗಿಡುವ ಕೆಲಸವೇ ಜಾಸ್ತಿ. ನೀರಿಗಿಳಿದು ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಅವತ್ತೂ ಹಾಗೇ ಬಂತು, ಹತ್ತು ಮಾರು ದೂರದಲ್ಲಿ ನಿಂತುಬಿಟ್ಟಿತು, ಗರಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಮುಂದೆ ಬರುವ ಧೈರ್ಯ ಇಲ್ಲ. ದಯವಿಟ್ಟು ಎದ್ದು ಬನ್ನಿ ಅಂತ ಕೇಳಿಕೊಂಡೆ. "ಐದೇ ನಿಮಿಷ ಸರ್" ಅಂದರು. ಗರಿ ಒಣಗುವಷ್ಟು ಹೊತ್ತಾದರೂ ಅವರು ಏಳಲಿಲ್ಲ. ಮೂರನೇ ದಿನ ಹೋದಾಗ ಮೊಟ್ಟೆಗಳು ಇರಲಿಲ್ಲ. ಕಾಗೆಯೋ ನಾಯಿಯೋ, ನನಗೆ ಗೊತ್ತಿಲ್ಲ.

ಹಾರುವ ಫೋಟೊ ಬೇಕು ಅಂತ ಕೆರೆಯ ನಡುಗಡ್ಡೆಯಲ್ಲಿ ಗೂಡು ಕಟ್ಟಿರುವ ಹೆಜ್ಜಾರ್ಲೆಗಳ (ಪೆಲಿಕನ್) ಕಡೆ ಕಲ್ಲೆಸೆಯುವವರನ್ನೂ ನೋಡಿದ್ದೇನೆ. ದೊಡ್ಡವು ಎದ್ದು ಹೋದ ಕೂಡಲೇ ಗೂಡಿನ ಮೇಲೆ ಕಾಗೆ, ಗರುಡ ಎರಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆ ಅಂತಲೇ ಕರೆಯುತ್ತದೆ. ಕಾಯ್ದೆ ಓದದ, ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನ ಜನ ಇದೇ ಹೆಜ್ಜಾರ್ಲೆಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ನೋಡಿಕೊಂಡು ಬಂದಿದ್ದಾರೆ. ಬಾಣಂತಿಯ ಕೋಣೆಗೆ ಏಳು ಜನ ಕ್ಯಾಮೆರಾ ಹಿಡಿದು ನುಗ್ಗುತ್ತೇವಾ?

ಪತ್ರಿಕೆಗೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ಪೇಪರಿನಲ್ಲಿ ಹೆಸರಿನ ಸಮೇತ ಒಂದು ಗೂಡಿನ ಫೋಟೊ ಬಂದರೆ ಮುಂದಿನ ವಾರ ಇನ್ನೂ ಹತ್ತು ಜನ ಗೂಡು ಹುಡುಕಿಕೊಂಡು ಹೊರಡುತ್ತಾರೆ. ಎಷ್ಟೋ ಫೋಟೊ ಸ್ಪರ್ಧೆಗಳಲ್ಲಿ ಗೂಡಿನ ಚಿತ್ರ ತೆಗೆದುಕೊಳ್ಳುವುದೇ ಇಲ್ಲ. ನೀವೂ ಹಾಗೆ ಒಂದು ನಿಯಮ ಮಾಡಿ, ಓದುಗರ ಪುಟದಲ್ಲಿ ಎರಡು ಸಾಲು ಅಚ್ಚು ಹಾಕಿ. ಜಾಗದ ಹೆಸರನ್ನೂ ಕೊಡಬೇಡಿ.

ಒಳ್ಳೆ ಫೋಟೊಗೆ ಬರ ಏನೂ ಇಲ್ಲ. ನೀರಿನ ಹತ್ತಿರ ಸುಮ್ನೆ ನೆಲಕ್ಕೆ ಕೂತು ಕಾಯಬೇಕು, ಅಷ್ಟೇ. ಮೊನ್ನೆ ಅರ್ಧ ಗಂಟೆ ಕೂತಿದ್ದೆ. ಹಾವಕ್ಕಿಯೊಂದು ಮೀನು ನುಂಗಿ ತಾನಾಗೇ ಎದುರಿನ ಕೊರಡಿನ ಮೇಲೆ ಬಂದು, ಎರಡೂ ರೆಕ್ಕೆ ಹರಡಿ, ನನ್ನ ಕಡೆ ಬೆನ್ನು ಮಾಡಿ ನಿಧಾನಕ್ಕೆ ಒಣಗಿಸಿಕೊಂಡಿತು. ಆ ಫೋಟೊ ಇದರ ಜೊತೆ ಕಳಿಸಿದ್ದೇನೆ. ಹಾಕುವುದಾದರೆ ಹಾಕಿ, ನನ್ನ ಹೆಸರು ಬೇಡ.

– ಓದುಗ, ಸರಸ್ವತಿಪುರಂ, ಮೈಸೂರು