ಗೆಳೆಯನಿಗೊಂದು ಪತ್ರ: ಜಿಪಿಎ ಒಂದೇ ಸಾಲದು

ಪ್ರೀತಿಯ ಗೆಳೆಯ,

"ತಮ್ಮನ ಮಗನಿಗೆ ಜಿಪಿಎ ಮಾಡಿಕೊಟ್ಟೆ ಕಣೋ, ಇನ್ನು ಚಿಂತೆಯಿಲ್ಲ" ಅಂತ ಮೊನ್ನೆ ನೀನು ಫೋನಿನಲ್ಲಿ ಹೇಳಿದೆ. ಜಿಪಿಎ ಅಂದರೆ ಜನರಲ್ ಪವರ್ ಆಫ್ ಅಟಾರ್ನಿ, ನಿನ್ನ ಪರವಾಗಿ ವ್ಯವಹಾರ ನಡೆಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ ಅಷ್ಟೇ. ಆಗಿನಿಂದ ನನ್ನ ಮನಸ್ಸಿಗೆ ಸಮಾಧಾನ ಇಲ್ಲ. ಬರೆದರೆ ಇನ್ನೊಮ್ಮೆ ಓದಿಕೊಳ್ಳುತ್ತೀಯ ಅಂತ ಬರೆಯುತ್ತಿದ್ದೇನೆ.

ನಿನಗೆ ಬುದ್ಧಿ ನೆಟ್ಟಗಿರುವ ತನಕ ಮಾತ್ರ ಆ ಜಿಪಿಎ ನಡೆಯುತ್ತದೆ. ನಾಳೆ ಸ್ಟ್ರೋಕ್ ಆಗಿ ಪ್ರಜ್ಞೆ ಹೋಯಿತು, ಇಲ್ಲಾ ಮರೆವಿನ ಕಾಯಿಲೆ ಬಂತು ಅಂತಿಟ್ಟುಕೋ. ಕೊಟ್ಟವರ ಬುದ್ಧಿ ಹೋದರೂ, ಜೀವ ಹೋದರೂ ಆ ಅಧಿಕಾರ ಮುಗಿದಂತೆ. 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಹೇಳುವುದು ಇದನ್ನೇ. ಇಂಗ್ಲೆಂಡಿನಲ್ಲಿ ಬುದ್ಧಿ ಹೋದ ಮೇಲೂ ನಡೆಯುವ ಪವರ್ ಆಫ್ ಅಟಾರ್ನಿ ಇದೆ. ನಮ್ಮಲ್ಲಿ ಅದಿಲ್ಲ. ನಮ್ಮ ದೊಡ್ಡಮ್ಮನಿಗೆ ಮರೆವು ಜಾಸ್ತಿಯಾದಾಗ ಬ್ಯಾಂಕಿನವರು ಜಿಪಿಎ ಒಪ್ಪಲಿಲ್ಲ. ಅವರದೇ ದುಡ್ಡಿನಲ್ಲಿ ಅವರಿಗೆ ಔಷಧಿ ತರಲು ಮಗ ಕೋರ್ಟಿಗೆ ಅಲೆಯಬೇಕಾಯಿತು.

ಬಾಡಿಗೆ, ಕಂದಾಯದ ಕೆಲಸಕ್ಕೆ ಜಿಪಿಎ ಇರಲಿ. ಮನೆ ಮಾರುವ ಅಧಿಕಾರ ಅದರಲ್ಲಿದ್ದರೆ ತೆಗೆಸು. ಹುಡುಗ ಒಳ್ಳೆಯವನೇ, ಆದರೂ ತೆಗೆಸು.

ಆಸ್ಪತ್ರೆಯ ವಿಷಯಕ್ಕೆ ಬೇರೆ ಕಾಗದವೇ ಬೇಕು. ವಾಸಿಯಾಗುವ ಆಸೆಯೇ ಇಲ್ಲದಾಗ ವೆಂಟಿಲೇಟರ್ ಬೇಕೋ ಬೇಡವೋ ಅಂತ ಮೊದಲೇ ಬರೆದಿಡಬಹುದು. ಇದಕ್ಕೆ ಲಿವಿಂಗ್ ವಿಲ್ ಅನ್ನುತ್ತಾರೆ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಯಾರು ಓಡಾಡುತ್ತಾರೆ ಹೇಳು? 2023ರಲ್ಲಿ ಅದನ್ನು ಸಡಿಲಿಸಿದರು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. 2025ರ ಜನವರಿಯಲ್ಲಿ ನಮ್ಮ ಕರ್ನಾಟಕದ ಆರೋಗ್ಯ ಇಲಾಖೆಯೂ ಇದನ್ನು ಜಾರಿ ಮಾಡಲು ಆದೇಶ ಹೊರಡಿಸಿದೆ. ನಿನ್ನ ಪರವಾಗಿ ಡಾಕ್ಟರ ಜೊತೆ ಮಾತಾಡುವವರ ಹೆಸರನ್ನೂ ಅದರಲ್ಲಿ ಬರೆಯಬೇಕು. ಮಗಳ ಹೆಸರು ಬರಿ. ಅವಳು ಇರುವುದು ಟೆಕ್ಸಾಸಿನಲ್ಲಿ, ಹಾಗಾಗಿ ಊರಲ್ಲೇ ಇರುವ ಇನ್ನೊಬ್ಬರದೂ ಇರಲಿ. ಸುಮ್ನೆ ಸಹಿ ಹಾಕಿ ಬೀರುವಿನಲ್ಲಿ ಇಟ್ಟರೆ ಆಗಲ್ಲ. ಆ ಇಬ್ಬರ ಕೈಗೂ ಪ್ರತಿ ಕೊಡು.

ಇನ್ನು ಕಷ್ಟದ ಮಾತು. ನಿನ್ನ ಕ್ರಿಯೆ ಮಗಳೇ ಮಾಡಬೇಕು ಅಂತ ನಿನಗೆ ಆಸೆ. ನನಗೆ ಗೊತ್ತು. ಆದರೆ ನಿನ್ನ ಅಣ್ಣತಮ್ಮಂದಿರಿಗೆ ಹೇಳಿದ್ದೀಯಾ? ವಿಲ್‌ನಲ್ಲಿ ಬರೆದಿದ್ದೇನೆ ಅಂದೆ. ವಿಲ್ ತೆಗೆದು ಓದುವುದು ಎಲ್ಲ ಮುಗಿದ ಮೇಲೆ ಅಲ್ವಾ? ಅಷ್ಟರಲ್ಲಿ ಹಿರಿಯರು ನಿಂತು ಯಾರ ಕೈಗೋ ಕೊಳ್ಳಿ ಕೊಟ್ಟಿರುತ್ತಾರೆ. ಅವಳು ವಿಮಾನ ಹತ್ತಿ ಮನೆ ಸೇರಲು ಒಂದೂವರೆ ದಿನವಾದರೂ ಬೇಕು. ಅವಳು ಬರುವ ತನಕ ಫ್ರೀಜರ್ ಬಾಕ್ಸ್‌ನಲ್ಲಿ ಇಡಬೇಕಾ, ಕಾಯಬೇಡಿ ಅನ್ನುತ್ತೀಯಾ? ಇದನ್ನು ನೀನೇ ಹೇಳಬೇಕು. ಅಳುವ ಹೊತ್ತಿನಲ್ಲಿ ಆ ಹುಡುಗಿಯ ತಲೆಗೆ ಕಟ್ಟಬೇಡ. ಕಟ್ಟಿಗೆಯೋ ವಿದ್ಯುತ್ ಚಿತಾಗಾರವೋ, ಅಸ್ಥಿ ಪಶ್ಚಿಮವಾಹಿನಿಗೋ ಗೋಕರ್ಣಕ್ಕೋ, ತಿಥಿ ಬೇಕೋ ಬೇಡವೋ, ಎಲ್ಲ ಒಂದು ಹಾಳೆಯಲ್ಲಿ ಬರಿ. ಅಣ್ಣತಮ್ಮಂದಿರನ್ನು ಕೂರಿಸಿಕೊಂಡು ಓದು. ಅವರಿಗೆ ಬೇಸರ ಆಗಬಹುದು. ಆದರೆ ನೀನಿದ್ದಾಗ ಆದ ಬೇಸರವನ್ನು ನೀನೇ ಕೂತು ಮಾತಾಡಿ ಕಳೆಯಬಹುದು.

ಕಣ್ಣು ಕೊಡುವ ಮನಸ್ಸಿದ್ದರೆ ಅದೇ ಹಾಳೆಯಲ್ಲಿ ಐ ಬ್ಯಾಂಕ್ ನಂಬರೂ ಇರಲಿ. ಜೀವ ಹೋದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಯಾರಾದರೂ ತಕ್ಷಣ ಫೋನ್ ಮಾಡಬೇಕು.

ಮುಂದಿನ ತಿಂಗಳು ಬರುತ್ತೀಯಲ್ಲ, ಆಗ ನನ್ನದೂ ನಿನ್ನದೂ ಒಟ್ಟಿಗೆ ಮಾಡಿಸೋಣ. ನೋಟರಿಗೆ ನಾನು ಹೇಳಿಡುತ್ತೇನೆ. ಆಧಾರ್ ತಾ. ಹೊರಡುವ ಮುಂಚೆ ಮಗಳ ಜೊತೆ ಮಾತಾಡಿರು.

ನಿನ್ನ ಗೆಳೆಯ